ನವಲಗುಂದದ ಭಾಷಣವನ್ನು ಎಲ್ಲಿಂದ ಎಲ್ಲಿಯವರೆಗೆ ಓದಬೇಕು?

ಧಾರವಾಡದ ಎಂ.ಎ. ವಿದ್ಯಾರ್ಥಿನಿ: ಜುಲೈ 21ರ ರೈತ ಹುತಾತ್ಮ ದಿನದಂದು ನವಲಗುಂದದಲ್ಲಿ ನಾಯಕರೊಬ್ಬರು ಮಾಡಿದ ಭಾಷಣದ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಧ್ವನಿಮುದ್ರಣ ಕೈಯಲ್ಲಿದೆ. ಅದನ್ನಷ್ಟೇ ವಿಶ್ಲೇಷಿಸಿದರೆ ಸಾಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯ ನಿವೃತ್ತ ವರದಿಗಾರ: ಸಾಲದು, ತಂಗಿ. 1980ರ ಜುಲೈ 21ರಂದು ನೀರಿನ ಕರ ಮತ್ತು ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕುವ ಬೆಟರ್‌ಮೆಂಟ್ ಲೆವಿಯ ವಿರುದ್ಧ ಮಲಪ್ರಭಾ ಅಚ್ಚುಕಟ್ಟಿನ ರೈತರು ಎದ್ದರು. ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು, ರೈತರು ಪ್ರಾಣ ಕಳೆದುಕೊಂಡರು. ಅಂದಿನಿಂದ ಆ ದಿನ ಅಲ್ಲಿ ಮಾತನಾಡುವವರೆಲ್ಲ ಹಿಂದಿನವರ ಮಾತಿಗೆ ಉತ್ತರ ಕೊಡುತ್ತಿರುತ್ತಾರೆ, ಹೆಸರು ಹೇಳದಿದ್ದರೂ. ಹಾಗಾಗಿ ಹಳೆಯ ಜುಲೈ 22ರ ಪತ್ರಿಕೆಗಳನ್ನು ಸಾಲಾಗಿ ಇಟ್ಟುಕೊಂಡು ಓದು. ಹುಬ್ಬಳ್ಳಿ ಆವೃತ್ತಿ, ಬೆಂಗಳೂರು ಆವೃತ್ತಿ ಎರಡನ್ನೂ ನೋಡಲೇಬೇಕು. ಇಲ್ಲಿ ಮುಖಪುಟಕ್ಕೆ ಬಂದ ಮಾತು ಅಲ್ಲಿ ಬಂದೇ ಇರುವುದಿಲ್ಲ.

ಅಂಕಿಗಳ ಮೇಲೆ ವಿಶೇಷ ಗಮನವಿರಲಿ. ಮಹದಾಯಿ ಕಣಿವೆಯ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗೆ ನಾವು ಬಹುಕಾಲ ಕೇಳಿದ್ದು 7.56 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಕರ್ನಾಟಕ, ಗೋವಾ, ಮಹಾರಾಷ್ಟ್ರಗಳ ನೀರಿನ ವಿವಾದಕ್ಕೆಂದು 2010ರಲ್ಲಿ ರಚನೆಯಾದ ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ. ಕಳಸಾ–ಬಂಡೂರಿಗೆ ಸಿಕ್ಕಿದ್ದು 3.9 ಮಾತ್ರ. ಗೆದ್ದೆವೆಂದು ಹೇಳಬೇಕಾದವರಿಗೆ 13.42 ಬೇಕು, ಅನ್ಯಾಯವಾಯಿತೆನ್ನುವವರಿಗೆ 3.9 ಬೇಕು. ನಿನ್ನ ನಾಯಕರು ಯಾವುದನ್ನು ಹೇಳಿದರು, ಅವರು ಅಧಿಕಾರದಲ್ಲಿದ್ದಾಗಲೂ ಅದನ್ನೇ ಹೇಳಿದ್ದರೇ? ಅದೇ ಪಕ್ಷದ ಗೋವಾ ಘಟಕ ಅದೇ ವಾರ ಪಣಜಿಯಲ್ಲಿ ಏನು ಹೇಳಿತು? ಇದನ್ನು ಬಿಟ್ಟು ಉಪಮೆ, ಪ್ರಾಸಗಳನ್ನು ಎಣಿಸುತ್ತ ಕುಳಿತರೆ ಭಾಷಣ ಕೈಗೆ ಸಿಗುವುದಿಲ್ಲ.

ಗದಗಿನ ಉಪನ್ಯಾಸಕಿ: ಸರ್ ಹೇಳಿದ್ದು ಸರಿ, ಆದರೆ ನಲವತ್ತು ವರ್ಷಗಳ ಪತ್ರಿಕೆ ಒಂದು ಕಿರುಪ್ರಬಂಧಕ್ಕೆ ಹೊರೆ. ಒಂದೇ ಭರವಸೆಯನ್ನು ಆರಿಸಿಕೊಂಡು ಅದನ್ನು ಹಿಂದಕ್ಕೂ ಮುಂದಕ್ಕೂ ಹಿಂಬಾಲಿಸಿ. ಆ ದಿನದ ಸಭೆಯನ್ನೂ ಕಡೆಗಣಿಸಬೇಡಿ: ಮೊದಲು ಮಾತನಾಡಿದವರು ಯಾರು, ವೇದಿಕೆಯ ಮೇಲೆ ರೈತರಿಗೆ ಕುರ್ಚಿಯಿತ್ತೇ, ಚಪ್ಪಾಳೆ ಬಿದ್ದದ್ದು ಎಲ್ಲಿ, ಕೂಗಾಟ ಎದ್ದದ್ದು ಎಲ್ಲಿ. ಮೊಬೈಲ್‌ನಲ್ಲಿ ಹರಿದಾಡಿದ ತುಣುಕು ಎಲ್ಲಿಂದ ಆರಂಭವಾಗಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿಮ್ಮ ಧ್ವನಿಮುದ್ರಣದೊಂದಿಗೆ ಹೋಲಿಸಿ. ಕತ್ತರಿಸಿ ಬಿಟ್ಟ ಭಾಗದಲ್ಲೇ ಷರತ್ತುಗಳು ಇರುತ್ತವೆ.

ನರಗುಂದದ ರೈತ: 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ನಮ್ಮಲ್ಲಿ ಧರಣಿ ಶುರುವಾದಾಗ ಎಲ್ಲ ಪಕ್ಷದವರೂ ಬಂದು ಮಾತನಾಡಿದರು. ಕೇಳಿ ಸುಮ್ಮನೆ ಎದ್ದು ಹೋದವರಲ್ಲ ನಾವು. ನಾಯಕರು ಆಡಿದ ಮಾತನ್ನು ದಿನಾಂಕದ ಸಮೇತ ಮನವಿ ಪತ್ರದಲ್ಲಿ ಬರೆದು ತಹಸೀಲ್ದಾರರಿಗೆ ಕೊಡುತ್ತೇವೆ, ಮರುವರ್ಷ ಬಂದಾಗ ಅದನ್ನೇ ಓದಿ ಉತ್ತರ ಕೇಳುತ್ತೇವೆ. ನಿಮ್ಮ ಪ್ರಬಂಧದಲ್ಲಿ ಕೇಳಿದವರ ಈ ಕೆಲಸಕ್ಕೂ ಜಾಗ ಕೊಡಿರಿ, ತಂಗಿ. ಮನವಿಗಳ ಪ್ರತಿಗಳನ್ನು ಹಿರಿಯ ಹೋರಾಟಗಾರರು ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಬಿತ್ತನೆಯ ದಿನಗಳನ್ನು ಬಿಟ್ಟು ಬಂದರೆ ಕುಳಿತು ಮಾತನಾಡಲು ಅವರಿಗೂ ಪುರುಸೊತ್ತು ಇರುತ್ತದೆ.