ಶುಗರ್ ಬೀಟ್ ಕೊಯ್ಲು: ರಿಸೀವಿಂಗ್ ಮತ್ತೆ ರಾಶಿ ನೋಡ್ಕೊಳ್ಳೋ ಕೆಲಸ ಮಾಡಿದೋರು ಯಾರಾದ್ರೂ ಇದೀರಾ?

ಮದ್ದೂರು_ಟು_ಫಾರ್ಗೋ

ಎಲ್ರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯೋನು, ಮನೇಲೆಲ್ಲಾ ಕಬ್ಬು ಬೆಳೆಯೋರೇ. ಈಗ ಅಮೆರಿಕದ ರೆಡ್ ರಿವರ್ ಕಣಿವೇಲಿದೀನಿ, ನಾರ್ತ್ ಡಕೋಟಾ ಮಿನ್ನೆಸೋಟ ಗಡಿ, ಒಂದು ಶುಗರ್ ಬೀಟ್ ಸಹಕಾರಿ ಸಂಘದಲ್ಲಿ ಕೆಲಸ. ಇಷ್ಟು ದಿನ ಹೊಲದ ಕಡೆ ನೋಡ್ಕೋತಿದ್ದೆ, ಬಿತ್ತನೆ, ಎಲೆಚುಕ್ಕೆಗೆ ಔಷಧಿ, ಬೇರು ಕೊಳೆ ಎಲ್ಲೆಲ್ಲಿ ಬಂದಿದೆ ಅನ್ನೋ ಸರ್ವೆ ಇಂಥದ್ದು. ಈ ಸಲ ರಿಸೀವಿಂಗ್ ಮತ್ತೆ ಸ್ಟೋರೇಜ್ ಜವಾಬ್ದಾರಿ ನನ್ಗೆ ವಹಿಸಿದಾರೆ, ಅಂದ್ರೆ ರೈತರ ಟ್ರಕ್ ಬಂದು ತೂಕ ಆಗಿ ಪೈಲರ್ (ಬೀಟನ್ನ ರಾಶಿ ಹಾಕೋ ದೊಡ್ಡ ಮಷಿನ್) ಮೇಲೆ ಸುರಿದು ರಾಶಿ ಆಗೋದ್ರಿಂದ ಹಿಡಿದು ಆ ರಾಶಿ ಫ್ಯಾಕ್ಟರಿ ಒಳಗೆ ಹೋಗೋವರೆಗೂ.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. ಇದು ನಾವು ಪಲ್ಯ ಮಾಡೋ ಕೆಂಪು ಬೀಟ್‌ರೂಟ್ ಅಲ್ಲ, ಬಿಳಿ ಗೆಡ್ಡೆ, ಸಕ್ಕರೆ ಅಂಶ 17-18 ಪರ್ಸೆಂಟ್ ತನಕ ಬರತ್ತೆ. ಆಗಸ್ಟ್ ಕೊನೆ ಸೆಪ್ಟೆಂಬರಲ್ಲಿ ಫ್ಯಾಕ್ಟರಿ ದಿನಾ ಎಷ್ಟು ಅರೆಯುತ್ತೋ ಅಷ್ಟೇ ಕೀಳ್ತಾರೆ, ಅದಕ್ಕೆ ಪ್ರೀಪೈಲ್ ಅಂತಾರೆ. ಅಕ್ಟೋಬರ್ 1 ರ ಮಧ್ಯರಾತ್ರಿಯಿಂದ ದೊಡ್ಡ ಕೊಯ್ಲು, ಹಗಲು ರಾತ್ರಿ, ವಾತಾವರಣ ಕೈಕೊಡದಿದ್ರೆ ಎರಡು ವಾರದಲ್ಲಿ ಇಡೀ ಕಣಿವೆಯ ಬೀಟ್ ಮೇಲೆ ಬಂದ್ಬಿಡ್ಬೇಕು. ಅಷ್ಟನ್ನೂ ಅರೆಯೋಕೆ ಫ್ಯಾಕ್ಟರಿಗೆ ಮುಂದಿನ ವರ್ಷದ ವಸಂತದ ತನಕ ಟೈಮ್ ಬೇಕು. ಅಲ್ಲಿವರೆಗೂ ಬಯಲಲ್ಲೇ ರಾಶಿ, 30 ಅಡಿ ಹತ್ರ ಎತ್ತರ, ಉದ್ದ ಕಾಲು ಮೈಲಿಗಿಂತ ಜಾಸ್ತಿನೂ ಇರತ್ತೆ.

ನನ್ನ ಪ್ರಶ್ನೆ ಏನಂದ್ರೆ, ಬಿಸಿಲು ಜಾಸ್ತಿ ಆದಾಗ ಬೀಟ್ ತಗೊಳ್ಳೋ ಸ್ಟೇಷನ್ ನಿಲ್ಲಿಸ್ಬೇಕು ಅನ್ನೋ ನಿರ್ಧಾರ ಹೇಗೆ ತಗೋತೀರಾ, ಅದನ್ನ ರೈತರಿಗೆ ಹೇಗೆ ಹೇಳ್ತೀರಾ? ಇಲ್ಲಿ ರೈತರೇ ಓನರ್‌ಗಳು, ನನ್ನ ವಯಸ್ಸಿಗಿಂತ ಹೆಚ್ಚು ವರ್ಷ ಬೀಟ್ ಬೆಳೆದಿರೋರು. ಇನ್ನೊಂದು, ಯಾರ್ಡಲ್ಲಿ ಕೆಲಸಕ್ಕೆ ಬರೋರೆಲ್ಲಾ ಎರಡು ಮೂರು ವಾರದ ಮಟ್ಟಿಗೆ ಬರೋರು, ಅವ್ರನ್ನ ಹೇಗೆ ಸಂಭಾಳಿಸೋದು?

ಜಮಖಂಡಿ_ಪೈಲರ್

ನಮಸ್ಕಾರ್ರಿ. ನಾನೂ ಇದ ಕಣಿವ್ಯಾಗ ಭಾಳ ವರ್ಷದಿಂದ ಪೈಲಿಂಗ್ ಯಾರ್ಡಿನಾಗ ಅದೀನಿ. ನಿಮ್ಮ ಪ್ರಶ್ನಿ ಛಲೋ ಐತಿ, ಮೊದಲ ಬಿಸಿಲಿನ ಮಾತ ಹೇಳ್ತೀನಿ ಯಾಕಂದ್ರ ಉಳಿದದ್ದೆಲ್ಲಾ ಅದರ ಮ್ಯಾಲ ನಿಂತೈತಿ.

ಬೀಟ್ ಕಿತ್ತ ಮ್ಯಾಲೂ ಜೀವಂತ ಇರ್ತೈತ್ರಿ. ಉಸಿರಾಡ್ತೈತಿ, ಉಸಿರಾಡಾಕ ಒಳಗಿನ ಸಕ್ಕರಿನ ಸುಡ್ತೈತಿ, ಸುಟ್ಟಾಗ ಬಿಸಿ ಹೊಂಡತೈತಿ, ಬಿಸಿ ಏರಿದ್ರ ಇನ್ನೂ ಜೋರ ಉಸಿರಾಡ್ತೈತಿ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದ್ರ ಹತ್ರ ಹತ್ರ ಡಬಲ್. ಎಲ್ಲಾ ಸರಿ ಇದ್ದ ರಾಶ್ಯಾಗೂ ದಿನಕ್ಕ ಒಂದ ಟನ್ನಿಗೆ ಸುಮಾರು 150 ರಿಂದ 250 ಗ್ರಾಂ ಸಕ್ಕರಿ ಹೋಗೇ ಹೋಗ್ತೈತಿ, ಅದನ್ನ ಯಾರೂ ತಡಿಯಾಕ ಆಗೂದಿಲ್ಲ. ಬಿಸಿ ಬೀಟ್ ಹಾಕಿದ್ರ ಅದರ ಎಷ್ಟೋ ಪಟ್ಟ ಹೊಕ್ಕೈತಿ, ಮತ್ತ ಕೊಳಿಯಾಕ ಸುರು ಆದ ಜಾಗಾ ಸುತ್ತಲಿಂದೂ ಕೆಡಸ್ತೈತಿ.

ಅದಕ್ಕ ಬೇರಿನ ಒಳಗಿನ ಉಷ್ಣತಾ 55 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರ, ಅಂದ್ರ ಸುಮಾರು 13 ಸೆಲ್ಸಿಯಸ್, ಯಾರ್ಡ್ ಬಂದ್. ಗಾಳಿ ಉಷ್ಣತಾ ನೋಡಿ ನಿರ್ಧಾರ ಮಾಡಬ್ಯಾಡ್ರಿ, ಬೀಟಿನ ಹೊಟ್ಟಿಯೊಳಗ ಥರ್ಮಾಮೀಟರ್ ಚುಚ್ಚಿ ನೋಡ್ರಿ. ಮಧ್ಯಾಹ್ನ ಮೂರಕ್ಕ ಬಿಸಿಲು ಇಳೀತು ಅನಸ್ತೈತಿ, ಆದ್ರ ಗೆಡ್ಡಿ ಸಂಜೀತನಾ ಕಾಯ್ದೇ ಇರ್ತೈತಿ. ಬೆಳಿಗ್ಗಿ ತಂಪ ಇದ್ದಾಗ ತಗೊಂಡು ಮಧ್ಯಾಹ್ನ ನಿಲ್ಲಿಸಿ ರಾತ್ರಿ ಮತ್ತ ತೆಗಿಯೂದು, ಅಕ್ಟೋಬರ್ ಮೊದಲನೇ ವಾರ ಹಿಂಗ ಹೋಗೂದು ಇಲ್ಲಿ ಹೊಸದಲ್ಲ.

ರೈತರ ಮಾತಿಗೆ ಬಂದ್ರ. ಅಮೆರಿಕನ್ ಕ್ರಿಸ್ಟಲ್ ಶುಗರ್ ಕಂಪನಿನ ಈ ಕಣಿವಿ ರೈತರು 1973 ರಾಗ ಕೊಂಡ್ಕೊಂಡಾರ, ಮೂರ್‌ಹೆಡ್, ಕ್ರುಕ್‌ಸ್ಟನ್, ಈಸ್ಟ್ ಗ್ರ್ಯಾಂಡ್ ಫೋರ್ಕ್ಸ್, ಡ್ರೇಟನ್, ಹಿಲ್ಸ್‌ಬರೋ ಐದೂ ಫ್ಯಾಕ್ಟರಿ ಅವರದ. ವಾಪೆಟನ್‌ದಾಗ ಮಿನ್‌-ಡ್ಯಾಕ್, ರೆನ್‌ವಿಲ್‌ದಾಗ ಸದರ್ನ್ ಮಿನ್ನೆಸೋಟ, ಅವೂ ಸಹಕಾರಿನ. ಹಂಗಾಗಿ ನೀವು ಬ್ಯಾಡ ಅಂತಿರೂದು ನಿಮ್ಮ ಮಾಲಕರಿಗೆ, ಖರೆ. ಆದ್ರ ಒಬ್ಬನ ಬಿಸಿ ಲೋಡ್ ಒಳಗ ಬಿಟ್ರ ಅವನ ಬೀಟ್ ಅಷ್ಟ ಕೆಡೂದಿಲ್ಲ, ಆ ರಾಶ್ಯಾಗ ಬೀಟ್ ಹಾಕಿದ ಎಲ್ಲಾರ ದುಡ್ಡೂ ಹೊಕ್ಕೈತಿ, ಯಾಕಂದ್ರ ರಾಶಿ ಎಲ್ಲಾರದೂ ಒಂದ. ಇದನ್ನ ಅವರಿಗೆ ಕಲಿಸಬೇಕಾಗಿಲ್ಲ, ಗೊತ್ತೈತಿ. ಅವರ ಸಿಟ್ಟು ಬಂದ್ ಮಾಡಿದ್ದಕ್ಕಲ್ಲ, ತಡಾ ಹೇಳಿದ್ದಕ್ಕ. ಎಲಿ ಸವರಿ, ಹಾರ್ವೆಸ್ಟರ್ ಹೊಲಕ್ಕ ಇಳಿಸಿ, ನಾಕ ಟ್ರಕ್ ಡ್ರೈವರ್ ಹಚ್ಚಿ ಅರ್ಧಾ ಹೊಲ ಕಿತ್ತ ಮ್ಯಾಲ ನೀವು ಬಂದ್ ಅಂದ್ರ ಯಾರ ಸುಮ್ನಿರ್ತಾರ? ತಾಸಿಗೊಮ್ಮೆ ಬೇರಿನ ಉಷ್ಣತಾ ಮೆಸೇಜ್ ಕಳಸ್ರಿ, 51 ಆತು, 53 ಆತು ಅಂತ. ಆಮ್ಯಾಲ ಬಂದ್ ಅಂದಾಗ ಯಾರಿಗೂ ಹೊಸಾದ ಅನಸೂದಿಲ್ಲ. ಅದಾಗ್ಲೇ ಟ್ರಕ್ಕಿನಾಗ ಇದ್ದದ್ದನ್ನ ತಗೋರಿ. ಯಾರರೆ ನನ್ನ ಬೀಟ್ ತಂಪ ಐತಿ ಅಂದ್ರ ಅವನ ಟ್ರಕ್ಕಿಂದನ ಒಂದ ಗೆಡ್ಡಿ ತಗದು ಅವನ ಎದುರಿಗೇ ಚುಚ್ಚ್ರಿ, ಓದೂದು ಅವನ ಕೈಲಿ ಓದಿಸ್ರಿ.

ಮತ್ತೊಂದ ಮಾತು, ಮಣ್ಣು. ಪೈಲರಿನ ರೋಲರ್ ಮ್ಯಾಲ ಮಣ್ಣು ಉದುರಿ ವಾಪಸ್ ಅದ ಟ್ರಕ್ಕಿಗೆ ಬೀಳ್ತೈತಿ, ರೈತ ಅದನ್ನ ಹೊಲಕ್ಕ ಒಯ್ತಾನ. ಲೈನ್ ಉದ್ದ ಐತಿ ಅಂತ ಪೈಲರ್ ಜೋರ ಓಡಿಸಿದ್ರ ಮಣ್ಣು, ಎಲಿ ತುಣುಕು ಎಲ್ಲಾ ರಾಶಿಗೆ ಹೊಕ್ಕಾವು. ಅವು ಕುಂತ ಜಾಗಾದಾಗ ಗಾಳಿ ಆಡೂದಿಲ್ಲ. ನವೆಂಬರ್‌ದಾಗ ಒಂದ ಥಂಡಿ ಮುಂಜಾನೆ ರಾಶಿ ಸುತ್ತ ಅಡ್ಡಾಡ್ರಿ, ಎಲ್ಲಿಂದ ಹಬಿ ಏಳ್ತೈತಿ ನೋಡ್ರಿ, ಅಲ್ಲಿ ಅಗದ್ರ ಹಸಿ ಎಲಿ ಕಪ್ಪಾಗಿ ಗೆಡ್ಡಿ ಸಂದಿಯೊಳಗ ಮೆತ್ಕೊಂಡಿರ್ತೈತಿ, ಕೈ ಇಟ್ರ ಬೆಚ್ಚಗ ಹತ್ತತೈತಿ. ಈಗೀಗ ಮ್ಯಾಲಿಂದ ಇನ್‌ಫ್ರಾರೆಡ್ ಕ್ಯಾಮೆರಾದಾಗ ಹಾಟ್‌ಸ್ಪಾಟ್ ಹುಡುಕ್ತಾರ, ಭಾಳ ಉಪಯೋಗ ಐತಿ, ಆದ್ರ ಕಾಣಿಸೂ ಹೊತ್ತಿಗೆ ಅಲ್ಲಿಂದು ಹೋಗಿರ್ತೈತಿ.

ನೀವು ಹೊಲದ ಕಡೆಯಿಂದ ಬಂದೀರಿ, ಅದು ದೊಡ್ಡ ಅನುಕೂಲ. ಬೇರು ಕೊಳೆ ಇದ್ದ ಹೊಲಗಳ ಲಿಸ್ಟ್ ನಿಮ್ಮ ಕಡೆ ಐತಲ್ಲ, ಆ ಬೀಟ್ ಉದ್ದಕ್ಕ ಇಡೂ ರಾಶಿಗೆ ಹೋಗಬಾರದು, ಪ್ರೀಪೈಲಿನಾಗ ಸೀದಾ ಫ್ಯಾಕ್ಟರಿಗೆ ಹೋಗ್ಲಿ.

ಲ್ಯಾಬ್_ಬೆಂಚ್_ಬೆಳಗಾವಿ

ಬೆಳಗಾವಿಯ ಎಸ್. ನಿಜಲಿಂಗಪ್ಪ ಶುಗರ್ ಇನ್‌ಸ್ಟಿಟ್ಯೂಟಲ್ಲಿ ಓದಿ ಕಬ್ಬಿನ ಫ್ಯಾಕ್ಟರಿ ಲ್ಯಾಬಲ್ಲೇ ಇರೋಳು ನಾನು, ಬೀಟ್ ಕೈಯಲ್ಲಿ ಹಿಡಿದಿಲ್ಲ, ಆದ್ರೂ ಒಂದೆರಡು ವಿಷಯ ಎರಡೂ ಕಡೆ ಒಂದೇ. ಕಬ್ಬು ಕಡಿದು 24 ಗಂಟೆ ಒಳಗೆ ಅರೀಬೇಕು ಅಂತೀವಲ್ಲ, ತಡ ಆದ್ರೆ ರಸದಲ್ಲಿ ಲ್ಯೂಕೋನಾಸ್ಟಾಕ್ ಬ್ಯಾಕ್ಟೀರಿಯಾ ಸೇರಿ ಡೆಕ್ಸ್‌ಟ್ರಾನ್ ಅನ್ನೋ ಅಂಟು ಮಾಡತ್ತೆ, ರಸ ಲೋಳೆ ಆಗಿ ಫಿಲ್ಟರ್ ಕಟ್ಕೊಳ್ಳತ್ತೆ, ಹರಳು ಸರಿಯಾಗಿ ಕೂರಲ್ಲ. ಹೆಪ್ಪುಗಟ್ಟಿ ಆಮೇಲೆ ಕರಗಿದ ಬೀಟಲ್ಲೂ ಅದೇ ಬ್ಯಾಕ್ಟೀರಿಯಾ ಅದೇ ಅಂಟು. ಹಾಗಾಗಿ ರಾಶಿಯಲ್ಲಿ ಆದ ನಷ್ಟ ಅಂದ್ರೆ ಬರೀ ಹೋದ ಸಕ್ಕರೆ ಅಲ್ಲ, ಕೆಟ್ಟ ಒಂದು ಪಾಲು ಒಳಗೆ ಹೋದ್ರೆ ಇಡೀ ಫ್ಯಾಕ್ಟರಿ ನಿಧಾನ ಆಗತ್ತೆ, ಅಷ್ಟೂ ದಿನ ಹೊರಗಿರೋ ಒಳ್ಳೇ ಬೀಟೂ ಕಾಯ್ತಾ ಕೂರತ್ತೆ.

ಆದ್ರೆ ಜಮಖಂಡಿಯವ್ರು ಉಳಿದದ್ದೆಲ್ಲಾ ಉಷ್ಣತೆ ಮೇಲೆ ನಿಂತಿದೆ ಅಂದ್ರಲ್ಲ, ಅದನ್ನ ನಾನು ಪೂರ್ತಿ ಒಪ್ಪಲ್ಲ. ಸ್ಯಾಂಪಲ್ ಮೇಲೆ ನಂಬಿಕೆ ಇಲ್ದಿದ್ರೆ ರೈತ ನಿಮ್ಮ ಥರ್ಮಾಮೀಟರನ್ನೂ ನಂಬಲ್ಲ. ನಮ್ಮಲ್ಲಿ ಎಫ್‌ಆರ್‌ಪಿ, ಅಂದ್ರೆ ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟೋ ಕನಿಷ್ಠ ಬೆಲೆ, 10.25 ಪರ್ಸೆಂಟ್ ರಿಕವರಿ (ಕಬ್ಬಿಂದ ಸಿಗೋ ಸಕ್ಕರೆ) ಲೆಕ್ಕಕ್ಕೆ ಕಟ್ಟಿರೋದು, ಅದೂ ಇಡೀ ಫ್ಯಾಕ್ಟರಿಯ ಸರಾಸರಿ ಮೇಲೆ, ಒಬ್ಬ ರೈತ ಎಷ್ಟೇ ಒಳ್ಳೇ ಕಬ್ಬು ತಂದ್ರೂ ಅವನಿಗೆ ಬೇರೆ ರೇಟ್ ಸಿಗಲ್ಲ, ಅದಕ್ಕೆ ನಮ್ಮ ಜಗಳ ಎಲ್ಲಾ ವೇಬ್ರಿಡ್ಜ್ ಹತ್ರ. ನಿಮ್ಮಲ್ಲಿ ಒಬ್ಬೊಬ್ಬರ ಲೋಡಿಂದ ಸ್ಯಾಂಪಲ್ ತೆಗೆದು ಅವರವರ ಸಕ್ಕರೆಗೆ ದುಡ್ಡು ಅಂತ ಓದಿದೀನಿ. ಹಾಗಿದ್ರೆ ಆ ಸ್ಯಾಂಪಲ್ ಚೀಲಾನೇ ರೈತನ ವರ್ಷದ ದುಡಿಮೆ. ಯಾವ ಟ್ರಕ್ಕಿಂದು ಯಾವ ಚೀಲ ಅನ್ನೋದು ತಪ್ಪಬಾರದು, ಟ್ಯಾಗ್ ಒದ್ದೆ ಆಗಬಾರದು, ಚೀಲ ಬಿಸಿಲಲ್ಲಿ ಒಣಗ್ತಾ ಬಿದ್ದಿರಬಾರದು. ರಾತ್ರಿ ಮೂರು ಗಂಟೆಗೆ ಸ್ಯಾಂಪಲ್ ಹಿಡಿಯೋ ಹುಡುಗ ಎಷ್ಟು ಎಚ್ಚರವಾಗಿದಾನೆ ಅಂತ ನೀವೇ ಹೋಗಿ ನೋಡಿ.

ಜಮಖಂಡಿ_ಪೈಲರ್

ಅಕ್ಕಾರ ಹೇಳಿದ್ದು ಖರೆ ಐತಿ, ಒಪ್ಪಿದೆ. ಇಲ್ಲಿ ಟೇರ್ ಲ್ಯಾಬಿನಾಗ ಚೀಲ ತೂಗಿ, ತೊಳದು, ಮತ್ತ ತೂಗಿ ಮಣ್ಣು ಎಷ್ಟು ಅಂತ ತಗೀತಾರ, ಆಮ್ಯಾಲ ಗರಗಸದಾಗ ಕೊಯ್ದು ಬಂದ ಹಿಟ್ಟಿನಂಥಾ ತಿರುಳಿನಿಂದ ಸಕ್ಕರಿ ನೋಡ್ತಾರ. ರೈತರಿಗೆ ಒಮ್ಮೆ ಲ್ಯಾಬ್ ತೋರಿಸ್ರಿ, ನೋಡಿದಾವ್ರು ಆಮ್ಯಾಲ ಜಗಳಾ ತಗದದ್ದು ನಾ ಕಂಡಿಲ್ಲ.

ಸ್ಕೇಲ್‌ಹೌಸ್_ಅಕ್ಕ

ಕೆಲಸದೋರ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ನಾನು ಟ್ರಕ್ ತೂಕ ಮಾಡೋ ಸ್ಕೇಲ್‌ಹೌಸಲ್ಲಿ ಶುರು ಮಾಡಿ ಈಗ ಒಂದು ಸ್ಟೇಷನ್ ನೋಡ್ಕೋತೀನಿ. ಇಲ್ಲಿ ಬರೋರಲ್ಲಿ ಅರ್ಧಕ್ಕರ್ಧ ಆರ್‌ವಿ ಅನ್ನೋ ಮನೆ ಥರದ ಗಾಡೀಲಿ ದೇಶ ಸುತ್ತೋರು, ರಿಟೈರ್ ಆದ ಗಂಡ ಹೆಂಡತಿ ಜೋಡಿಗಳು, 12 ಗಂಟೆ ಶಿಫ್ಟ್, ಬಯಲಲ್ಲಿ ನಿಂತು. ತುಂಬಾ ನಿಯತ್ತಿನ ಜನ. ಆದ್ರೆ ಮೊದಲ ಚಳಿ ಮಳೆ ರಾತ್ರಿ ಆದ್ಮೇಲೆ ಬೆಳಿಗ್ಗೆ ಕೆಲವ್ರು ಗಾಡಿ ಕಟ್ಕೊಂಡು ಹೊರಟೇ ಹೋಗ್ತಾರೆ, ಅದಕ್ಕೆ ಬೇಕಾಗಿರೋದಕ್ಕಿಂತ ಜಾಸ್ತಿ ಜನ ಇಟ್ಕೊಳ್ಳಿ, ಬೆಚ್ಚಗಿರೋ ಒಂದು ಶೆಡ್, ಬಿಸಿ ಕಾಫಿ, ಒಣಗಿದ ಗ್ಲೌಸ್ ಯಾವಾಗ್ಲೂ ಇರ್ಲಿ. ಇದನ್ನ ಖರ್ಚು ಅಂತ ನೋಡ್ಬೇಡಿ.

ಎಲ್ಲಕ್ಕಿಂತ ಮುಖ್ಯ ಸೇಫ್ಟಿ. ರಾತ್ರಿ, ಮಂಜು, ಕೆಸರು, ದೊಡ್ಡ ದೊಡ್ಡ ಟ್ರಕ್, ಅದರ ಮಧ್ಯೆ ಸ್ಕಿಡ್‌ಸ್ಟಿಯರ್ (ಸಣ್ಣ ಲೋಡರ್) ಓಡಾಡ್ತಿರತ್ತೆ, ಡ್ರೈವರ್‌ಗಳಲ್ಲಿ ಎಷ್ಟೋ ಜನ ರಜಾ ಹಾಕಿ ಸಂಬಂಧಿಕರಿಗೆ ಸಹಾಯಕ್ಕೆ ಬಂದಿರೋರು, ನಿದ್ದೆ ಇಲ್ಲ. ನಡೆದಾಡೋ ಜಾಗ ಯಾವುದು, ಟ್ರಕ್ ಜಾಗ ಯಾವುದು ಅಂತ ಗುರುತು ಹಾಕಿ, ಟ್ರಕ್ ಹಿಂದೆ ಯಾರೂ ಕಾಲಿಡಬಾರದು ಅಂತ ಪ್ರತೀ ಶಿಫ್ಟ್ ಶುರುವಲ್ಲಿ ಹೇಳಿ, ಬೇಜಾರಾದ್ರೂ ಹೇಳಿ. ರೋಲರಿಗೆ ಕೆಸರು ಮೆತ್ಕೊಂಡ್ರೆ ಪವರ್ ಆಫ್ ಮಾಡಿ, ಲಾಕ್ ಹಾಕಿ, ಕೀ ಜೇಬಲ್ಲಿ ಇಟ್ಕೊಂಡೇ ಕೈ ಹಾಕ್ಬೇಕು. ಅವತ್ತು ಹೊರಗೆ 40 ಟ್ರಕ್ ನಿಂತಿರತ್ತೆ, ಎರಡು ನಿಮಿಷದ ಕೆಲಸ ಅಂತ ಚಾಲೂ ಇದ್ದಾಗ್ಲೇ ಕೆರೆಯೋಕೆ ಹೋಗೋರು ಇದ್ದೇ ಇರ್ತಾರೆ. ಅಂಥೋರನ್ನ ಆ ಕ್ಷಣಾನೇ ಕೆಲಸದಿಂದ ಇಳಿಸಿ, ಎಷ್ಟೇ ಒಳ್ಳೇ ಆಪರೇಟರ್ ಆದ್ರೂ.

ಗ್ರೋನಿಂಗನ್_ಗೆಳೆಯ

ನಾನು ನೆದರ್ಲೆಂಡ್ಸಲ್ಲಿ ಇರೋದು, ಇಲ್ಲಿ ಕೋಸನ್ ಅಂತ ರೈತರ ಸಹಕಾರಿ, ಬೀಟ್ ಫ್ಯಾಕ್ಟರಿ ಎರಡೇ, ಡಿಂಟೆಲೋರ್ಡ್ ಮತ್ತೆ ವೀರ್‌ಫರ್ಲಾಟನ್. ನಿಮ್ಮಷ್ಟು ದೊಡ್ಡ ಸಾಮೂಹಿಕ ರಾಶಿ ಇಲ್ಲಿಲ್ಲ. ರೈತ ತನ್ನ ಹೊಲದ ರಸ್ತೆ ಪಕ್ಕದಲ್ಲೇ ರಾಶಿ ಹಾಕಿ ಫ್ಲೀಸ್ ಬಟ್ಟೆ ಹೊದಿಸ್ತಾನೆ, ಮಳೆ ನೀರು ಜಾರಿ ಹೋಗತ್ತೆ, ಗಾಳಿ ಮಾತ್ರ ಆಡತ್ತೆ. ಸರದಿ ಬಂದಾಗ ಮಣ್ಣು ಉದುರಿಸೋ ಮಷಿನ್ನು ಬಂದು ಟ್ರಕ್ಕಿಗೆ ತುಂಬತ್ತೆ. ಜನವರಿ ತನಕ ಕ್ಯಾಂಪೇನ್, ಅಂದ್ರೆ ಫ್ಯಾಕ್ಟರಿ ಅರೆಯೋ ಸೀಸನ್. ಇಲ್ಲಿ ಚಳಿ ಅಷ್ಟಿಲ್ಲ, ನಿಮ್ಮ ಹಾಗೆ ರಾಶಿ ಹೆಪ್ಪುಗಟ್ಟಿಸಿ ಇಡೋ ಮಾತೇ ಇಲ್ಲ, ಹಿಮ ಬೀಳೋ ಮುಂಚೆ ಮುಚ್ಚೋದೇ ಕೆಲಸ. ಒಂದು ಲಾಭ ಏನಂದ್ರೆ ರಾಶಿ ಕೆಟ್ರೆ ಯಾರ ರಾಶಿ ಅಂತ ಗೊತ್ತಾಗತ್ತೆ, ಅದಕ್ಕೆ ಎಲ್ರೂ ಜೋಪಾನ ಮಾಡ್ತಾರೆ.

ಮದ್ದೂರು_ಟು_ಫಾರ್ಗೋ

ಇಷ್ಟು ಬರೆದಿದ್ದಕ್ಕೆ ಎಲ್ರಿಗೂ ತುಂಬಾ ಥ್ಯಾಂಕ್ಸ್. ತಾಸಿಗೊಂದು ಮೆಸೇಜ್ ಐಡಿಯಾ ಈ ವಾರಾನೇ ನಮ್ಮ ಟೀಮಿಗೆ ಹೇಳ್ತೀನಿ, ರೋಗದ ಹೊಲದ ಲಿಸ್ಟೂ ಪ್ರೀಪೈಲಿಗೆ ಹೊಂದಿಸ್ತೀನಿ. ಗ್ರೋನಿಂಗನ್ ಅವ್ರೇ, ಆ ಹೊದಿಕೆ ವಿಷಯ ಇನ್ನೂ ಕೇಳೋದಿದೆ. ಜಮಖಂಡಿ ಅಣ್ಣ, ಇನ್ನೊಂದು ಪ್ರಶ್ನೆ. 2019 ರಲ್ಲಿ ಮಳೆ, ಹಿಮ, ಆಮೇಲೆ ಗಡ್ಡೆ ಕಟ್ಟೋ ಚಳಿ ಬಂದು ಅಮೆರಿಕನ್ ಕ್ರಿಸ್ಟಲ್ ರೈತರ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಬೀಟ್ ಹೊಲದಲ್ಲೇ ಉಳೀತಲ್ಲ. ಅಂಥ ವರ್ಷ ಹೆಪ್ಪುಗಟ್ಟಿದ ಬೀಟ್ ತಗೋಬೇಕಾ ಬೇಡ್ವಾ ಅನ್ನೋದು ಹೇಗೆ? ಜನವರೀಲಿ ನಾವೇ ರಾಶಿನ ಫ್ಯಾನ್ ಹಾಕಿ ಹೆಪ್ಪುಗಟ್ಟಿಸ್ತೀವಿ, ಅಕ್ಟೋಬರಲ್ಲಿ ಹೆಪ್ಪುಗಟ್ಟಿದ್ದು ಬೇಡ ಅಂತೀವಿ, ರೈತ ಕೇಳಿದ್ರೆ ಏನು ಹೇಳ್ಲಿ?

ಜಮಖಂಡಿ_ಪೈಲರ್

ಜನವರ್ಯಾಗ ಹೆಪ್ಪುಗಟ್ಟಿದ್ದು ಮಾರ್ಚ್ ತನಾ ಹಂಗ ಕಲ್ಲಿನಂಗ ಇರ್ತೈತಿ, ಕರಗೂ ಮೊದಲ ಫ್ಯಾಕ್ಟರಿಗೆ ಹೊಕ್ಕೈತಿ. ಜೀವಕೋಶ ಒಡದಿರ್ತಾವು, ಆದ್ರ ರಸ ಹೊರಗ ಬರೂ ಹೊತ್ತಿಗೆ ಅದು ಬಿಸಿ ನೀರಿನಾಗ ಸಕ್ಕರಿ ತಗಿಯೂ ಡಿಫ್ಯೂಸರಿನಾಗ ಇರ್ತೈತಿ. ಅಕ್ಟೋಬರ್‌ದಾಗ ಹೆಪ್ಪುಗಟ್ಟಿದ್ದು ಮೂರ ದಿನಕ್ಕ ಬೆಚ್ಚಗಿನ ರಾಶಿ ನಡುವ ಕರಗ್ತೈತಿ, ರಸ ಸುರೀತೈತಿ, ಅಕ್ಕಾರ ಹೇಳಿದ ಲೋಳೆ ಅಲ್ಲೇ ಸುರು. ರೈತಗ ಇಷ್ಟ ಹೇಳ್ರಿ, ಸಾಕು.

ಹೊಲದಾಗ ಏನ ನೋಡಬೇಕಂದ್ರ, ರಾತ್ರಿ ಫ್ರಾಸ್ಟ್ ಬಿದ್ದ ಮುಂಜಾನೆ ನಾಕ ಕಡೆ ಗೆಡ್ಡಿ ಕಿತ್ತು ಮ್ಯಾಲಿನ ತಲಿ ಭಾಗ ಉದ್ದುದ್ದ ಸೀಳ್ರಿ. ಹೆಪ್ಪುಗಟ್ಟಿದ ಜಾಗಾ ಗಾಜಿನಂಗ ನೀರ ನೀರ ಕಾಣ್ತೈತಿ, ಅದು ಇರೂತನಾ ಸ್ಟೇಷನ್ ತೆಗಿಬ್ಯಾಡ್ರಿ. ಮಣ್ಣಿನಾಗ ಬೇರು ಇದ್ರ ಸಣ್ಣ ಪೆಟ್ಟಿನಿಂದ ಕೆಲವು ದಿನದಾಗ ಚೇತರಿಸ್ಕೊಂತೈತಿ, ಕಿತ್ತಿಟ್ಟದ್ದು ಚೇತರಿಸ್ಕೊಳ್ಳೂದಿಲ್ಲ. ಮತ್ತ ಚಳಿ ಬರ್ತೈತಿ ಅಂತ ಫೋರ್ಕಾಸ್ಟ್ ಇದ್ದಾಗ ಎಲಿ ಮುಂಚೆ ಸವರಿ ಇಡಬ್ಯಾಡ್ರಿ ಅಂತ ಎಲ್ಲಾರಿಗೂ ಮೆಸೇಜ್ ಹಾಕ್ರಿ, ಎಲಿ ಮ್ಯಾಲ ಇದ್ರ ತಲಿಗೆ ಹೊದಿಕಿ ಇದ್ದಂಗ. ಪೆಟ್ಟು ತಿಂದ ಹೊಲದ್ದು ತಗೊಳ್ಳಾಕ ಬೇಕ ಅಂತಾದ್ರ ಉದ್ದಕ್ಕ ಇಡೂ ರಾಶಿ ಹತ್ರ ತರಬ್ಯಾಡ್ರಿ, ಫ್ಯಾಕ್ಟರಿ ಯಾರ್ಡಿನಾಗ ಬ್ಯಾರೆ ಸಣ್ಣ ರಾಶಿ ಹಾಕಿಸಿ ಅದನ್ನ ಮೊದಲ ಅರಿಯಾಕ ಫ್ಯಾಕ್ಟರಿ ಮ್ಯಾನೇಜರ್ ಕಡೆ ಈಗಿಂದನ ಮಾತಾಡಿ ಇಟ್ಕೋರಿ. ಅಕ್ಟೋಬರ್‌ದಾಗ ಕೇಳಿದ್ರ ಜಾಗಾ ಸಿಗೂದಿಲ್ಲ.