ಸಹಾಯ ಬೇಕು: ಪೊಲೀಸರಿಗೆ ಯಾವಾಗ ಫೋನ್ ಮಾಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಗೋಡೆಯ ಆಚೆ ಗಂಡ, ಹೆಂಡತಿ, ಒಂದು ಪುಟ್ಟ ಮಗು ಇದ್ದಾರೆ. ರಾತ್ರಿ ಕೂಗಾಟ, ಏನೋ ಬಿದ್ದ ಸದ್ದು, ಆಮೇಲೆ ಒಂದೇ ಸಲ ಎಲ್ಲ ಸ್ತಬ್ಧ. ಆ ಮೌನಕ್ಕೇ ನನಗೆ ಜಾಸ್ತಿ ಭಯ.

ಹಿಂದೆ ಒಮ್ಮೆ ಪೊಲೀಸರನ್ನು ಕರೆಸಿದ್ದೆ. ಬಾಗಿಲಲ್ಲೇ ನಿಂತು, ಗಂಡನ ಎದುರಿಗೇ "ಏನಮ್ಮಾ, ಹೊಡೆದನಾ?" ಅಂತ ಕೇಳಿದರು. ಆಕೆ ಏನು ತಾನೇ ಹೇಳಿಯಾಳು? "ಮನೆ ಜಗಳ, ಸರಿ ಮಾಡ್ಕೊಳ್ಳಿ" ಅಂದು ಹೊರಟರು. ಫೋನ್ ಮಾಡಿದ್ದು ಯಾರು ಅನ್ನುವುದನ್ನೂ ಬಾಯಿಬಿಟ್ಟರು. ಎರಡು ವಾರ ಆಕೆ ಹೊರಗೇ ಬರಲಿಲ್ಲ.

ನಿನ್ನೆ ಬಟ್ಟೆ ಒಣಹಾಕುವಾಗ ಸಿಕ್ಕಳು. ದನಿ ಒಡೆದಿತ್ತು. ಕಿವಿಯ ಕೆಳಗೆ ಬೆರಳಿನ ಗುರುತು. ಕತ್ತು ಹಿಸುಕುವುದು ಬರೀ ಹೊಡೆತದ ಹಾಗಲ್ಲ. ಹಾಗೆ ಮಾಡಿದವನು ಮುಂದೆ ಕೊಂದೇಬಿಡುವ ಅಪಾಯ ತುಂಬಾ ಜಾಸ್ತಿ. ಒಳಗಿನ ಪೆಟ್ಟು ಒಂದೆರಡು ದಿನ ಬಿಟ್ಟು ತೋರುವುದೂ ಉಂಟು. ಡಾಕ್ಟರ ಹತ್ತಿರ ಹೋಗೋಣ ಬಾ ಅಂದೆ. "ಬರ್ತೀನಿ, ಪೊಲೀಸ್ ಮಾತ್ರ ಬೇಡ ಅಕ್ಕಾ" ಅಂದಳು.

ಮತ್ತೆ ಕತ್ತಿಗೆ ಕೈ ಹಾಕಿದರೆ, ಚಾಕು ಹಿಡಿದರೆ, ಮಗುವಿಗೆ ಹೊಡೆದರೆ ಆಕೆಯನ್ನು ಕೇಳುತ್ತಾ ಕೂರುವುದಿಲ್ಲ, ಫೋನ್ ಮಾಡುತ್ತೇನೆ. ಉಳಿದ ರಾತ್ರಿಗಳದ್ದೇ ಪ್ರಶ್ನೆ. ಬೆಲ್ ಒತ್ತಿ ಸುಮ್ನೆ ಏನೋ ಕೇಳಿದರೆ ಅವನು ತಣ್ಣಗಾಗುತ್ತಾನಾ, ಇನ್ನೂ ಕೆರಳುತ್ತಾನಾ? ನಮ್ಮಿಬ್ಬರಿಗೇ ಗೊತ್ತಿರುವ ಒಂದು ಸನ್ನೆ ಇಟ್ಟುಕೊಂಡರೆ ಹೇಗೆ? ಆಕೆಯನ್ನು ಬೇರೆ ಕರೆದು ಮಾತಾಡಿಸಿ, ನನ್ನ ಹೆಸರು ಹೇಳಬೇಡಿ ಅಂತ ಪೊಲೀಸರಿಗೆ ಪಟ್ಟು ಹಿಡಿದವರು ಇದ್ದೀರಾ? ಇದನ್ನು ದಾಟಿ ಬಂದವರು ದಯವಿಟ್ಟು ಇವತ್ತೇ ಬರೆಯಿರಿ. ರಾತ್ರಿ ಅವನು ಮನೆಯಲ್ಲೇ ಇರುತ್ತಾನೆ.