ಪ್ರೊಕುದಿನ್-ಗೋರ್ಸ್ಕಿಯ ಗಾಜಿನ ಫಲಕಗಳಿಗೆ ಬಣ್ಣ ಕೂಡಿಸುವುದು ಹೇಗೆ?

ಪ್ರಶ್ನೆ: ರಷ್ಯಾದ ರಸಾಯನಶಾಸ್ತ್ರಜ್ಞ, ಛಾಯಾಗ್ರಾಹಕ ಸೆರ್ಗೈ ಪ್ರೊಕುದಿನ್-ಗೋರ್ಸ್ಕಿ (1863–1944) ತೆಗೆದ ಫಲಕಗಳ ಸ್ಕ್ಯಾನ್‌ಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಿಂದ ಇಳಿಸಿಕೊಂಡಿದ್ದೇನೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬೇಕು. 1911ರ ಬುಖಾರಾ ಅಮೀರನ (ಮಧ್ಯ ಏಷ್ಯಾದ ಬುಖಾರಾದ ದೊರೆ) ಚಿತ್ರವನ್ನು ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ಜೋಡಿಸಿದರೆ ಅಂಚುಗಳೆಲ್ಲ ಕೆಂಪು-ಹಸಿರಾಗಿ ಒಡೆದು ಕಾಣುತ್ತವೆ. ಎಲ್ಲಿ ತಪ್ಪಿದೆ?

ಉತ್ತರ 1: ಮೊದಲು ಕ್ರಮ ನೋಡಿ. ಸುಮಾರು 24 ಸೆಂ.ಮೀ. ಉದ್ದದ ಒಂದೇ ಗಾಜಿನ ಮೇಲೆ ಒಂದೇ ನೋಟದ ಮೂರು ಕಪ್ಪು-ಬಿಳುಪು ಚಿತ್ರಗಳಿವೆ, ಒಂದೊಂದೂ ಬೇರೆ ಬಣ್ಣದ ಫಿಲ್ಟರ್ ಮೂಲಕ ತೆಗೆದದ್ದು: ಸ್ಕ್ಯಾನ್‌ನಲ್ಲಿ ಮೇಲಿನದು ನೀಲಿ, ನಡುವಿನದು ಹಸಿರು, ಕೆಳಗಿನದು ಕೆಂಪು ಫಿಲ್ಟರ್‌ನದು. ಮೂರು ಭಾಗ ಕತ್ತರಿಸಿ ಒಂದರ ಮೇಲೊಂದು ಕೂರುವ ಮೂರು ಲೇಯರ್ (ಪದರ) ಮಾಡಿ. ಹಸಿರನ್ನು ತಳಕ್ಕಿಟ್ಟು ಉಳಿದೆರಡನ್ನು ಒಂದೊಂದಾಗಿ ‘ಡಿಫರೆನ್ಸ್’ ಮೋಡ್‌ನಲ್ಲಿ (ಎರಡು ಲೇಯರ್‌ಗಳ ಹೊಳಪಿನ ವ್ಯತ್ಯಾಸವನ್ನಷ್ಟೇ ತೋರಿಸುವ ಬಗೆ) ಅದರ ಮೇಲೆ ಸರಿಸಿ. ಸರಿಯಾಗಿ ಕೂತಷ್ಟೂ ಚಿತ್ರ ಕಪ್ಪಾಗುತ್ತದೆ. ಒಂದು ಮೂಲೆ ಕೂತು ಎದುರು ಮೂಲೆ ಕೂರದಿದ್ದರೆ ಲೇಯರನ್ನು ಸ್ವಲ್ಪ ತಿರುಗಿಸಬೇಕು. ಆಮೇಲೆ ಮೂರೂ ಲೇಯರ್ ಇರುವ ಭಾಗಕ್ಕಷ್ಟೇ ಇಡೀ ಚಿತ್ರವನ್ನು ಕ್ರಾಪ್ ಮಾಡಿ, ‘ಕಲರ್ಸ್’ ಮೆನುವಿನ ‘ಕಾಂಪೋಸ್’ ಬಳಸಿ ಮೂರನ್ನೂ ಒಂದೇ ಬಣ್ಣದ ಚಿತ್ರವಾಗಿ ಕೂಡಿಸಿ. ಲೇಯರ್‌ಗಳ ಅಳತೆ ಒಂದೇ ಇರದಿದ್ದರೆ ಅದು ಕೆಲಸ ಮಾಡುವುದಿಲ್ಲ.

ಉತ್ತರ 2: ಅಮೀರನ ಚಿತ್ರಕ್ಕೆ ಮೇಲಿನ ಉಪಾಯವೊಂದೇ ಸಾಲದು. ಅವನ ನಿಲುವಂಗಿ ಗಾಢ ನೀಲಿ. ನೀಲಿ ಫಿಲ್ಟರ್‌ನ ಚಿತ್ರದಲ್ಲಿ ಅದು ಬೆಳ್ಳಗೆ, ಕೆಂಪಿನದರಲ್ಲಿ ಹೆಚ್ಚುಕಡಿಮೆ ಕಪ್ಪು. ಹಾಗಾಗಿ ಎಷ್ಟು ಸರಿಯಾಗಿ ಕೂರಿಸಿದರೂ ಅಂಗಿ ಕಪ್ಪಾಗುವುದೇ ಇಲ್ಲ. ಹೊಳಪು ಹೋಲಿಸಿ ತಾನೇ ಜೋಡಿಸುವ ತಂತ್ರಾಂಶಗಳೂ ಇಲ್ಲೇ ಎಡವುವುದು. ಅಂಗಿ ಬಿಟ್ಟುಬಿಡಿ, ಸೊಂಟಪಟ್ಟಿ, ಕತ್ತಿಯ ಹಿಡಿ, ಹಿಂದಿನ ಬಾಗಿಲ ಚೌಕಟ್ಟು ಇವುಗಳ ಗೆರೆ ಹಿಡಿದು ಜೋಡಿಸಿ. ದೊಡ್ಡ ಸ್ಕ್ಯಾನ್ ಆದರೆ ಮೊದಲು ಅಳತೆ ಕುಗ್ಗಿಸಿ ಅಂದಾಜು ಜಾಗ ಗುರುತಿಸಿ, ಪೂರ್ಣ ಅಳತೆಯಲ್ಲಿ ಕೊನೆಯ ಕೆಲವು ಪಿಕ್ಸೆಲ್ ಮಾತ್ರ ಸರಿಪಡಿಸಿ.

ಉತ್ತರ 3: ಹೊಳೆಯ ಚಿತ್ರಗಳಲ್ಲಿ ನೀರಿನ ಮೇಲೆ ಕೆಂಪು, ನೀಲಿ ಚುಕ್ಕೆಗಳು ಉಳಿಯುತ್ತವೆ. ಅದು ನಿಮ್ಮ ತಪ್ಪಲ್ಲ. ಮೂರು ಚಿತ್ರಗಳನ್ನು ಒಂದಾದ ಮೇಲೊಂದು ತೆಗೆದದ್ದು; ಅಷ್ಟರಲ್ಲಿ ನೀರು ಹರಿದಿದೆ, ಹೊಗೆ ಸರಿದಿದೆ, ಮಕ್ಕಳು ತಲೆ ತಿರುಗಿಸಿದ್ದಾರೆ. ದಯವಿಟ್ಟು ಅದನ್ನು ಬ್ರಷ್‌ನಿಂದ ಅಳಿಸಬೇಡಿ. ಬಣ್ಣ ಬಂದದ್ದು ಹೇಗೆಂದು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ‘ಆಟೋ ಕಲರ್’ ಕೂಡ ಒತ್ತಬೇಡಿ, ಸಂಜೆ ಬೆಳಕೂ ಮಧ್ಯಾಹ್ನದಂತಾಗುತ್ತದೆ. ಬಿಳಿ ಗೋಡೆಯೋ ಬೂದು ಕಲ್ಲೋ ಇದ್ದರೆ ಅದನ್ನು ನೋಡಿ ಕೈಯಾರೆ ಹದ ಮಾಡಿ.

ಉತ್ತರ 4: ಪ್ರದರ್ಶನಕ್ಕೆ ಕಂಪ್ಯೂಟರ್ ಇಲ್ಲದೆಯೂ ತೋರಿಸಬಹುದು. ಪ್ರೊಕುದಿನ್-ಗೋರ್ಸ್ಕಿ ಸ್ವತಃ ಮೂರು ಬಣ್ಣದ ಬೆಳಕನ್ನು ಒಂದೇ ಪರದೆಯ ಮೇಲೆ ಬೀಳಿಸಿಯೇ ತೋರಿಸುತ್ತಿದ್ದರು. ಮೂರು ಪಾಸಿಟಿವ್‌ಗಳನ್ನು (ಬೆಳಕು-ನೆರಳು ತಿರುವುಮುರುವಾಗದ ಕಪ್ಪು-ಬಿಳುಪು ಚಿತ್ರ) ಪಾರದರ್ಶಕ ಹಾಳೆಗೆ ಪ್ರಿಂಟ್ ಮಾಡಿಸಿ, ಮೂರು ಪ್ರೊಜೆಕ್ಟರ್‌ಗಳ ಮುಂದೆ ಕೆಂಪು, ಹಸಿರು, ನೀಲಿ ಜೆಲ್ ಹಾಳೆ (ಬೆಳಕಿಗೆ ಬಣ್ಣ ಕೊಡುವ ಪಾರದರ್ಶಕ ಹಾಳೆ) ಕಟ್ಟಿ. ಯಾವ ಫಿಲ್ಟರ್‌ನಲ್ಲಿ ತೆಗೆದದ್ದೋ ಅದೇ ಬಣ್ಣದ ಬೆಳಕು ಬೀಳಬೇಕು. ಕೆಂಪು-ನೀಲಿ ಅದಲುಬದಲಾದರೆ ಮುಖಗಳು ನೀಲಿಗಟ್ಟುತ್ತವೆ. ನೀಲಿ ಜೆಲ್ ಹೆಚ್ಚು ಬೆಳಕು ನುಂಗುವುದರಿಂದ ಉಳಿದೆರಡು ಪ್ರೊಜೆಕ್ಟರ್‌ಗಳ ಬೆಳಕನ್ನು ತಗ್ಗಿಸಿ. ಮೂರನ್ನೂ ಪರದೆಯಿಂದ ಒಂದೇ ದೂರದಲ್ಲಿಡಿ, ಕೊಠಡಿ ಪೂರ್ತಿ ಕತ್ತಲಾಗಿರಲಿ.